ಗುಂಯ್‌ಗುಡುವ ಸೆನ್ಸರ್, ಬಾರನ್ನು ಹಿಡಿಯುವ ಪಟ್ಟಿ: ಭಾರ ಎತ್ತುವವರ ಸುರಕ್ಷಾ ಸಾಧನಗಳ ವಿಮರ್ಶೆ

ಭಾರ ಎತ್ತುವವರನ್ನು ಗಾಯದಿಂದ ಕಾಪಾಡುತ್ತೇವೆ ಎಂದು ಹೇಳಿಕೊಂಡು ಬರುವ ಸಾಧನಗಳು ಮುಖ್ಯವಾಗಿ ನಾಲ್ಕು ಬಗೆ. ಬೆನ್ನಿಗೆ ಅಂಟಿಸಿಕೊಳ್ಳುವ ಸೆನ್ಸರ್, ಬಾರ್‌ಗೆ (ಎರಡೂ ತುದಿಗೆ ತೂಕದ ಪ್ಲೇಟ್ ಹಾಕುವ ಉಕ್ಕಿನ ಸಲಾಕೆ) ದಾರ ಕಟ್ಟಿ ವೇಗ ಅಳೆಯುವ ಪೆಟ್ಟಿಗೆ, ಸೊಂಟದ ಬೆಲ್ಟ್, ಮತ್ತು ಕೈತಪ್ಪಿದ ಬಾರನ್ನು ಹಿಡಿದು ನಿಲ್ಲಿಸುವ ರ‍್ಯಾಕಿನ (ಬಾರನ್ನು ಇಡುವ ಕಂಬಗಳ ಚೌಕಟ್ಟಿನ) ಪಿನ್ನು, ತೋಳು, ಪಟ್ಟಿಗಳು. ಜಾಹೀರಾತಿನ ಗದ್ದಲವೆಲ್ಲ ಮೊದಲನೆಯದರ ಸುತ್ತ. ಒಂದನ್ನು ಮಾತ್ರ ಕೊಳ್ಳುವ ಹಾಗಿದ್ದರೆ ಕೊನೆಯದನ್ನು ಕೊಳ್ಳಿ. ಉಳಿದ ಮೂರೂ ಸೇರಿದರೂ ಆಗದ ಕೆಲಸವನ್ನು ಅದು ಮಾಡುತ್ತದೆ.

ಕೊಳ್ಳುವವರಾಗಲಿ, ವಿನ್ಯಾಸ ಮಾಡುವವರಾಗಲಿ ಮೊದಲು ಕೇಳಬೇಕಾದ್ದು ಇಷ್ಟು: ಈ ಸಾಧನ ಕೆಲಸ ಮಾಡುವುದು ಯಾವ ಗಳಿಗೆಯಲ್ಲಿ? ಸೆಟ್‌ಗೆ (ಬಿಡುವಿಲ್ಲದೆ ಎತ್ತುವ ಒಂದು ಸರದಿಗೆ) ಮುಂಚೆಯೋ, ರೆಪ್‌ನ (ಒಂದು ಸಲದ ಎತ್ತುವಿಕೆಯ) ನಡುವೆಯೋ, ಬಾರ್ ಕೈತಪ್ಪಿದ ಮೇಲೋ? ಮುಂಚೆ ಹೇಳುವುದು ಉಪಯೋಗಕ್ಕೆ ಬರುತ್ತದೆ, ತಪ್ಪಿದ ಮೇಲೆ ಹಿಡಿಯುವುದು ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಡುವೆ ಬಂದು ಎಚ್ಚರಿಸುವುದೇ ತೊಡಕಿನದು.

ಸಾಧನದ ಪ್ಯಾಕೆಟ್ ಮೇಲಿನ ಅಂಕಿಗಳ ಬಗ್ಗೆಯೂ ಒಂದು ಮಾತು. ಪ್ರಕಟವಾದ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರೆ ವೇಟ್‌ಲಿಫ್ಟಿಂಗ್ ಮತ್ತು ಪವರ್‌ಲಿಫ್ಟಿಂಗ್‌ನಲ್ಲಿ 1000 ಗಂಟೆ ಅಭ್ಯಾಸಕ್ಕೆ ಸುಮಾರು 1ರಿಂದ 4 ಗಾಯಗಳು ಲೆಕ್ಕಕ್ಕೆ ಸಿಗುತ್ತವೆ. ಹೆಚ್ಚಿನವು ಬೆನ್ನು, ಭುಜ, ಮಂಡಿಗೆ. ಈಗ 20 ಜನರಿಗೆ ಸೆನ್ಸರ್ ಕಟ್ಟಿ ತಲಾ 50 ಗಂಟೆ ಅಭ್ಯಾಸ ಮಾಡಿಸಿದರು ಎಂದುಕೊಳ್ಳಿ. ಒಟ್ಟು 1000 ಗಂಟೆ. ಸಾಧನವೇ ಇಲ್ಲದಿದ್ದರೂ ಅಲ್ಲಿ ಸರಾಸರಿ 2 ಗಾಯ ಆಗಬೇಕು ಎಂದಿಟ್ಟುಕೊಂಡರೆ, ಒಂದೂ ಆಗದೆ ಹೋಗುವ ಸಂಭವವೇ ಸುಮಾರು 13.5% ಇರುತ್ತದೆ. ಹಾಗಾಗಿ ‘ನಮ್ಮ ಪರೀಕ್ಷೆಯಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ’ ಎಂಬ ಮಾತಿಗೆ ತೂಕವಿಲ್ಲ. ಎಷ್ಟು ಜನ, ಎಷ್ಟು ಗಂಟೆ, ಸಾಧನ ಕಟ್ಟದ ಇನ್ನೊಂದು ಗುಂಪಿತ್ತೇ ಎಂದು ಕೇಳಿ ನೋಡಿ. ಉತ್ತರ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ.

ಬೆನ್ನಿನ ಸೆನ್ಸರ್

ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ಒಳಗೆ ಒಂದು ಆಕ್ಸೆಲರೋಮೀಟರ್ (ವೇಗೋತ್ಕರ್ಷ ಅಳೆಯುವುದು), ಒಂದು ಗೈರೋಸ್ಕೋಪ್ (ತಿರುಗುವ ವೇಗ ಅಳೆಯುವುದು), ಚಿಕ್ಕ ಬ್ಯಾಟರಿ, ಬ್ಲೂಟೂತ್, ಕಂಪಿಸುವ ಪುಟ್ಟ ಮೋಟಾರ್. ಬೆನ್ನು ಇಂತಿಷ್ಟು ಡಿಗ್ರಿಗಿಂತ ಹೆಚ್ಚು ಬಾಗಿದರೆ ಗುಂಯ್ ಎನ್ನುತ್ತದೆ.

ಒಂದೇ ಡಬ್ಬಿ ಇರುವ ಮಾದರಿಗಳನ್ನು ಕೊಳ್ಳಬೇಡಿ. ಒಂಟಿ ಸೆನ್ಸರ್‌ಗೆ ಗೊತ್ತಾಗುವುದು ತಾನು ನೆಲಕ್ಕೆ ಎಷ್ಟು ಓರೆಯಾಗಿದ್ದೇನೆ ಎಂಬುದು ಮಾತ್ರ. ಡೆಡ್‌ಲಿಫ್ಟ್‌ನಲ್ಲಿ (ನೆಲದಿಂದ ಬಾರನ್ನು ಎತ್ತಿ ನೆಟ್ಟಗೆ ನಿಲ್ಲುವುದು) ಬೆನ್ನು ಹಲಗೆಯಂತೆ ನೇರವಿದ್ದು ಸೊಂಟದ ಕೀಲಿನಿಂದ ಬಗ್ಗಿದರೂ ಮುಂಡ ನೆಲಕ್ಕೆ ಸಮಾನಾಂತರದ ಹತ್ತಿರ ಬರುತ್ತದೆ. ಬೆನ್ನನ್ನು ಬಿಲ್ಲಿನಂತೆ ಬಾಗಿಸಿದರೂ ಅಷ್ಟೇ ಓರೆ ಬರಬಹುದು. ಎರಡಕ್ಕೂ ಅದು ಒಂದೇ ಅಂಕಿ ತೋರಿಸುತ್ತದೆ. ಬಾಗು ತಿಳಿಯಬೇಕಾದರೆ ಎರಡು ಸೆನ್ಸರ್ ಬೇಕು. ಒಂದು ಬೆನ್ನೆಲುಬಿನ ಬುಡದಲ್ಲಿ, ಸೊಂಟದ ಎರಡು ಗುಳಿಗಳ ನಡುವಿನ ಚಪ್ಪಟೆ ಮೂಳೆಯ ಮೇಲೆ. ಇನ್ನೊಂದು ಸೊಂಟದ ಮೊದಲ ಕಶೇರುವಿನ ಮಟ್ಟದಲ್ಲಿ. ಎರಡರ ಓರೆಗಳ ವ್ಯತ್ಯಾಸವೇ ಸೊಂಟದ ಬಾಗು. ಮೇಲಿನದರ ಜಾಗ ಹುಡುಕುವುದು ಹೀಗೆ: ಎರಡೂ ಕೈಗಳನ್ನು ಸೊಂಟದ ಮೂಳೆಗಳ ಮೇಲಂಚಿಗೆ ಇಟ್ಟು ಹೆಬ್ಬೆರಳುಗಳನ್ನು ಹಿಂದಕ್ಕೆ ಚಾಚಿದರೆ ಅವು ಸೇರುವುದು ಹೆಚ್ಚುಕಡಿಮೆ ನಾಲ್ಕನೆಯ ಕಶೇರುವಿನ ಬಳಿ. ಅಲ್ಲಿಂದ ಮೂರು ಗಂಟು ಮೇಲಕ್ಕೆ ಎಣಿಸಿ.

ಕೋನದ ಲೆಕ್ಕ ತಪ್ಪುವುದು ಎರಡು ಕಡೆಯಿಂದ. ಗೈರೋಸ್ಕೋಪ್ ತಿರುಗುವ ವೇಗವನ್ನು ಕೂಡುತ್ತಾ ಹೋಗುವುದರಿಂದ ಚೂರು ದೋಷವೂ ಗುಡ್ಡೆಯಾಗುತ್ತದೆ: ಸೆಕೆಂಡಿಗೆ ಅರ್ಧ ಡಿಗ್ರಿ ತಪ್ಪಿದರೆ 10 ಸೆಕೆಂಡಿಗೆ 5 ಡಿಗ್ರಿ, ಒಂದು ನಿಮಿಷಕ್ಕೆ 30 ಡಿಗ್ರಿ. ಆಕ್ಸೆಲರೋಮೀಟರ್‌ಗೆ ಗುರುತ್ವ ಯಾವುದು, ದೇಹದ ಚಲನೆ ಯಾವುದು ಎಂಬ ಭೇದ ತಿಳಿಯದು. ಮುಂಡ ಅಡ್ಡಡ್ಡಲಾಗಿ 2 ಮೀ/ಸೆ² ವೇಗೋತ್ಕರ್ಷದಲ್ಲಿ ಚಲಿಸಿದರೆ ಅದಕ್ಕೆ 11 ಡಿಗ್ರಿ ಮೀರಿದ ಸುಳ್ಳು ಓರೆ ಕಾಣುತ್ತದೆ. ಹಾಗಾಗಿ ಎರಡನ್ನೂ ಬೆರೆಸಬೇಕು. ಸೆಕೆಂಡಿಗೆ 100 ಸಲ ಓದಿ, ಪ್ರತಿ ಸಲವೂ ಗೈರೋದ ಲೆಕ್ಕಕ್ಕೆ 98 ಪಾಲು, ಆಕ್ಸೆಲರೋಮೀಟರ್‌ಗೆ 2 ಪಾಲು ಕೊಡುವ ಸರಳ ಫಿಲ್ಟರ್ ಈ ಕೆಲಸಕ್ಕೆ ಸಾಕು. ಅದರ ಕಾಲಮಾನ, ಅಂದರೆ ಗೈರೋದ ಲೆಕ್ಕದಿಂದ ಆಕ್ಸೆಲರೋಮೀಟರ್‌ನ ಲೆಕ್ಕಕ್ಕೆ ಹೊರಳಲು ಬೇಕಾದ ಹೊತ್ತು, ಸುಮಾರು ಅರ್ಧ ಸೆಕೆಂಡು. ಬಾರನ್ನು ನೆಲಕ್ಕೆ ಇಟ್ಟಾಗಿನ ಹೊಡೆತಕ್ಕೆ ಸೆನ್ಸರ್‌ನ ಅಳತೆ ಮಿತಿಯೇ ಮೀರಬಹುದು. ಆ ಹೊಡೆತದ ನಂತರದ ಅರ್ಧ ಸೆಕೆಂಡಿನ ಓದನ್ನು ಎಸೆಯದ ಸಾಫ್ಟ್‌ವೇರ್ ಪ್ರತಿ ಇಳಿಕೆಗೂ ಕೂಗಿಕೊಳ್ಳುತ್ತದೆ. ಕೊಳ್ಳುವ ಮುಂಚೆ ಇದನ್ನು ಸುಲಭವಾಗಿ ಪರೀಕ್ಷಿಸಬಹುದು: ಸೆನ್ಸರ್ ಅಂಟಿಸಿಕೊಂಡು ನೇರವಾಗಿ ನಿಂತು ಹಿಮ್ಮಡಿಯನ್ನು ಎತ್ತಿ ನೆಲಕ್ಕೆ ಜೋರಾಗಿ ಕುಟ್ಟಿ. ಕಂಪಿಸಿದರೆ ವಾಪಸ್ ಕೊಡಿ.

ಇನ್ನು ಮಿತಿ. ‘ಬೆನ್ನು ಸೊನ್ನೆ ಡಿಗ್ರಿ ಬಾಗಬೇಕು’ ಎಂದು ಹೊಂದಿಸಿಟ್ಟ ಸಾಧನ ಒಂದು ವಾರದಲ್ಲಿ ಮೂಲೆ ಸೇರುತ್ತದೆ. ಕಣ್ಣಿಗೆ ನೇರವಾಗಿ ಕಾಣುವ ಬೆನ್ನು ಕೂಡ ಸ್ಕ್ವಾಟ್‌ನ (ಬಾರನ್ನು ಹೆಗಲ ಮೇಲೆ ಹೊತ್ತು ಕುಳಿತು ಏಳುವುದು) ತಳದಲ್ಲಿ, ಡೆಡ್‌ಲಿಫ್ಟ್‌ನ ಆರಂಭದಲ್ಲಿ ಗಣನೀಯವಾಗಿ ಬಾಗಿಯೇ ಇರುತ್ತದೆ. ಮಿತಿಯನ್ನು ಆಯಾ ವ್ಯಕ್ತಿಯ ದೇಹಕ್ಕೇ ಹೊಂದಿಸಬೇಕು. ಐದು ಸೆಕೆಂಡು ನೆಟ್ಟಗೆ ನಿಲ್ಲಿ, ಅದು ಸೊನ್ನೆ. ಭಾರವಿಲ್ಲದೆ ಕಾಲ್ಬೆರಳು ಮುಟ್ಟುವಂತೆ ನಿಧಾನವಾಗಿ ಪೂರ್ತಿ ಬಗ್ಗಿ, ಅದು 100. ಎಚ್ಚರಿಕೆಯ ಗೆರೆಯನ್ನು 75ರ ಸುತ್ತಮುತ್ತ ಎಳೆಯಿರಿ. ಅದಕ್ಕಿಂತ ಮುಖ್ಯ, ಹಗುರ ಸೆಟ್‌ನಲ್ಲಿ 55 ಇದ್ದದ್ದು ಭಾರ ಏರಿದಂತೆ 70 ಆಯಿತೇ ಎಂಬ ಬದಲಾವಣೆ. ಅದೇ ಚಲನೆಯಲ್ಲಿ ಭಾರದೊಂದಿಗೆ ಬೆಳೆಯುವ ಬಾಗು, ಬೆನ್ನು ಆ ಭಾರವನ್ನು ತಡೆಯುತ್ತಿಲ್ಲ ಎಂಬುದರ ಗುರುತು. ಒಂಟಿ ಅಂಕಿಗಿಂತ ಇದರಿಂದ ಹೆಚ್ಚು ತಿಳಿಯುತ್ತದೆ.

ಇಷ್ಟೆಲ್ಲ ಸರಿಮಾಡಿದರೂ ಮೂಲದ ತೊಂದರೆ ಉಳಿದೇ ಇರುತ್ತದೆ. ಡೆಡ್‌ಲಿಫ್ಟ್‌ನಲ್ಲಿ ಬೆನ್ನು ಸೋಲುವುದು ಹೆಚ್ಚಾಗಿ ಬಾರ್ ನೆಲ ಬಿಡುವ ಮೊದಲ ಅರ್ಧ ಸೆಕೆಂಡಿನಲ್ಲಿ. ಸುಳ್ಳು ಎಚ್ಚರಿಕೆ ಬೇಡವೆಂದು ಸೆನ್ಸರ್ 10 ಓದುಗಳು ಸತತವಾಗಿ ಗೆರೆ ಮೀರುವವರೆಗೆ ಕಾದರೆ 0.1 ಸೆಕೆಂಡು ಹೋಯಿತು. ಫಿಲ್ಟರ್ ಮತ್ತು ಮೋಟಾರ್ ತಿರುಗಿ ಚುರುಕಾಗುವುದಕ್ಕೆ ಇನ್ನೊಂದು 0.1. ಚರ್ಮಕ್ಕೆ ತಗುಲಿದ ಕಂಪನ ಅರಿವಿಗೆ ಬಂದು ಸ್ನಾಯು ಪ್ರತಿಕ್ರಿಯಿಸಲು 0.2. ಒಟ್ಟು 0.4 ಸೆಕೆಂಡು, ಅಂದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಸಾಲದ್ದಕ್ಕೆ, ಉಸಿರು ಬಿಗಿಹಿಡಿದು ಇಡೀ ಮೈಯನ್ನು ಗಟ್ಟಿ ಮಾಡಿಕೊಂಡವರ ಸೊಂಟದಲ್ಲಿ ಏಕಾಏಕಿ ಏನೋ ಕಂಪಿಸಿದರೆ ಅವರು ಬೆನ್ನು ತಿದ್ದಿಕೊಳ್ಳುವ ಬದಲು ಬಿಗಿ ಸಡಿಲಿಸಿಬಿಡಬಹುದು. ಎಚ್ಚರಿಕೆಯಿಂದಲೇ ಅಪಾಯ ಹೆಚ್ಚುವ ಗಳಿಗೆ ಅದು.

ಆದ್ದರಿಂದ ಹೊಸದಾಗಿ ಇಂಥದ್ದನ್ನು ವಿನ್ಯಾಸ ಮಾಡುವವರು ಮೋಟಾರನ್ನು ಕಿತ್ತುಹಾಕುವುದು ಲೇಸು. ಸೆಟ್ ಮುಗಿದ ಮೇಲೆ ರೆಪ್‌ವಾರು ಬಾಗಿನ ಗೆರೆ ತೋರಿಸಿ, ‘4ನೇ ರೆಪ್‌ನಿಂದ ಬಾಗು ಏರಿದೆ, ಮುಂದಿನ ಸೆಟ್ 3ಕ್ಕೆ ನಿಲ್ಲಿಸಿ’ ಎಂದರೆ ಅದು ಕೆಲಸಕ್ಕೆ ಬರುವ ಮಾತು. ಕೊಂಡವರು ಕಂಪನವನ್ನು ಸೆಟ್ಟಿಂಗ್‌ನಲ್ಲಿ ಆರಿಸಿಟ್ಟು ಇದೇ ರೀತಿ ಬಳಸಬಹುದು.

ಬೆಲ್ಟ್ ಜೊತೆಗಿನ ಜಗಳವನ್ನು ತಯಾರಕರು ಹೇಳುವುದೇ ಇಲ್ಲ. 10 ಸೆಂ.ಮೀ. ಅಗಲದ ಬೆಲ್ಟ್ ಕಟ್ಟಿದರೆ ಅದರ ಅಂಚು ಮೇಲಿನ ಸೆನ್ಸರ್‌ಗೋ ಕೆಳಗಿನದಕ್ಕೋ ತಾಗಬಹುದು. ಹೊಟ್ಟೆ ಉಬ್ಬಿಸಿ ಬೆಲ್ಟ್‌ಗೆ ಒತ್ತಿದ ಕೂಡಲೇ ಡಬ್ಬಿ ಅಂಚಿನ ಮೇಲೆ ಎದ್ದು ಕೆಲವು ಡಿಗ್ರಿ ವಾಲುತ್ತದೆ. ನೇರ ನಿಂತ ಸೊನ್ನೆಯನ್ನು ಬೆಲ್ಟ್ ಕಟ್ಟಿ, ಉಸಿರು ಹಿಡಿದ ಮೇಲೇ ಹೊಂದಿಸಬೇಕು. ಅಂಟಿಸುವುದಕ್ಕೆ ಬಟ್ಟೆಯ ಕ್ರೀಡಾ ಟೇಪ್ ಒಳ್ಳೆಯದು. ಬೆವರಿಗೆ ಎರಡು ಬದಿಯ ಅಂಟುಪಟ್ಟಿ ಮೂರನೆಯ ಸೆಟ್‌ಗೇ ಜಾರುತ್ತದೆ. ಬೆಂಚ್ ಪ್ರೆಸ್‌ಗೆ (ಬೆಂಚಿನ ಮೇಲೆ ಅಂಗಾತ ಮಲಗಿ ಬಾರನ್ನು ಎದೆಯಿಂದ ಮೇಲಕ್ಕೆ ತಳ್ಳುವುದು) ಮುಂಚೆ ಬಿಚ್ಚಿಡಿ.

ವೇಗ ಅಳೆಯುವ ದಾರ

ಇದರ ಬಗ್ಗೆ ದೂರು ಕಡಿಮೆ. ನೆಲದ ಮೇಲಿನ ಪೆಟ್ಟಿಗೆಯಿಂದ ಹೊರಟ ದಾರ ಬಾರ್‌ಗೆ ಸಿಕ್ಕಿಕೊಂಡಿರುತ್ತದೆ, ದಾರ ಎಷ್ಟು ಬೇಗ ಬಿಚ್ಚಿತು ಎಂಬುದರಿಂದ ಬಾರಿನ ವೇಗ ತಿಳಿಯುತ್ತದೆ. ಒಂದೇ ಒಂದು ಸಲ ಎತ್ತಲಾಗುವ ಗರಿಷ್ಠ ಭಾರದಲ್ಲಿ ಮೇಲೇರುವ ಸರಾಸರಿ ವೇಗ ಸ್ಕ್ವಾಟ್‌ನಲ್ಲಿ ಸುಮಾರು 0.3 ಮೀ/ಸೆ, ಬೆಂಚ್‌ನಲ್ಲಿ ಸುಮಾರು 0.17. ಸೆಟ್‌ನ ಅತಿವೇಗದ ರೆಪ್ 0.60 ಇದ್ದು, ಈಗಿನದು 0.48ಕ್ಕೆ ಇಳಿದರೆ 20% ನಷ್ಟ. ಬಲ ಬೆಳೆಸುವ ಅಭ್ಯಾಸಕ್ಕೆ ಅಲ್ಲಿಗೆ ನಿಲ್ಲಿಸುವುದು ರೂಢಿ. ರೆಪ್ ಮುಗಿದ ಕ್ಷಣ ಅಂಕಿ ಬರುತ್ತದೆ, ಮುಂದಿನದು ಬೇಕೋ ಬೇಡವೋ ಎಂದು ತೀರ್ಮಾನಿಸಲು ಸಮಯವೂ ಇರುತ್ತದೆ. ಸೆನ್ಸರ್‌ನಲ್ಲಿ ಇಲ್ಲದ್ದು ಇದೇ. ದಾರ ಬಾರಿನಿಂದ ನೆಟ್ಟಗೆ ಕೆಳಗಿಳಿಯಬೇಕು, ಓರೆಯಾದರೆ ವೇಗ ತಪ್ಪು ಬರುತ್ತದೆ. ಪೆಟ್ಟಿಗೆಯನ್ನು ಪ್ಲೇಟ್ ಬೀಳುವ ಜಾಗದಿಂದ ಒಳಗೆ, ಕಾಲಿಗೆ ಸಿಗದಂತೆ ಇಡಬೇಕು. ದಾರ ತುಂಡಾಗುವುದು ಬಹುಪಾಲು ಬಾರ್ ಕೈಬಿಟ್ಟಾಗ.

ಹಿಡಿಯುವ ಸಾಧನಗಳು

ಬಾರ್ ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಬಿದ್ದ ಎತ್ತರವನ್ನು ನಿಲ್ಲಲು ತೆಗೆದುಕೊಂಡ ಅಂತರದಿಂದ ಭಾಗಿಸಿ, 1 ಕೂಡಿಸಿ. ಸರಾಸರಿ ಹೊಡೆತ ತೂಕದ ಅಷ್ಟು ಪಟ್ಟು. 100 ಕೆ.ಜಿ. 20 ಸೆಂ.ಮೀ. ಬಿದ್ದು ಉಕ್ಕಿನ ಪಿನ್ ಮೇಲೆ 1 ಸೆಂ.ಮೀ. ಒಳಗೆ ನಿಂತರೆ 21 ಪಟ್ಟು, ಅಂದರೆ 2100 ಕೆ.ಜಿ. ಹೇರಿದಂತೆ. ಅದೇ ಬಾರ್ 5 ಸೆಂ.ಮೀ. ಜಗ್ಗುವ ಪಟ್ಟಿಯ ಮೇಲೆ ಬಿದ್ದರೆ 5 ಪಟ್ಟು. ಗರಿಷ್ಠ ಹೊಡೆತ ಇದಕ್ಕಿಂತಲೂ ಹೆಚ್ಚೇ. ಬಾರ್ ಬಾಗುವುದು, ರ‍್ಯಾಕ್ ನೆಗೆಯುವುದು, ವೆಲ್ಡಿಂಗ್ ಬಿರುಕು ಬಿಡುವುದು ಎಲ್ಲವೂ ಈ ವ್ಯತ್ಯಾಸದಲ್ಲಿದೆ. ಆದರೆ ಅದೇ ಉಕ್ಕಿನ ಪಿನ್ನನ್ನು ಸ್ಕ್ವಾಟ್‌ನ ತಳಕ್ಕಿಂತ 20ರ ಬದಲು 3 ಸೆಂ.ಮೀ. ಕೆಳಗೆ ಇಟ್ಟರೆ ಹೊಡೆತ 4 ಪಟ್ಟಿಗೆ ಇಳಿಯುತ್ತದೆ. ಪಿನ್ ಯಾವುದರಿಂದ ಮಾಡಿದ್ದು ಎಂಬುದಕ್ಕಿಂತ ಅದನ್ನು ಎಲ್ಲಿಟ್ಟಿದ್ದೀರಿ ಎಂಬುದೇ ದೊಡ್ಡ ವಿಷಯ, ಮತ್ತು ಅದಕ್ಕೆ ಕಾಸು ಖರ್ಚಿಲ್ಲ.

ಎಲ್ಲಿ ಇಡಬಹುದು ಎಂಬುದನ್ನು ಕಂಬದ ತೂತುಗಳ ಅಂತರ ನಿರ್ಧರಿಸುತ್ತದೆ. 50 ಮಿ.ಮೀ. ಅಂತರ ಸ್ಕ್ವಾಟ್‌ಗೆ ನಡೆಯುತ್ತದೆ, ಬೆಂಚ್‌ಗೆ ಸಾಲದು. ಬೆಂಚ್‌ನಲ್ಲಿ ಪಿನ್‌ನ ಎತ್ತರ ಎರಡು ಗೆರೆಗಳ ನಡುವೆ ಬರಬೇಕು: ಬೆನ್ನು ಕಮಾನು ಮಾಡಿದಾಗಿನ ಎದೆಗಿಂತ ಕೆಳಗೆ, ಕಮಾನು ಬಿಟ್ಟು ಚಪ್ಪಟೆಯಾಗಿ ಮಲಗಿದಾಗಿನ ಎದೆ ಮತ್ತು ಕುತ್ತಿಗೆಗಿಂತ ಮೇಲೆ. ಅನೇಕರಿಗೆ ಈ ಕಿಂಡಿ ಒಂದೆರಡು ಇಂಚು ಮಾತ್ರ. 50 ಮಿ.ಮೀ. ತೂತಿನಲ್ಲಿ ಒಂದು ಮೆಟ್ಟಿಲು ಮೇಲಿಟ್ಟರೆ ಪ್ರತಿ ರೆಪ್‌ಗೂ ಬಾರ್ ಪಿನ್‌ಗೆ ಬಡಿಯುತ್ತದೆ, ಕೆಳಗಿಟ್ಟರೆ ಕುತ್ತಿಗೆ ಸಿಗುತ್ತದೆ. ಬೆಂಚ್ ಎತ್ತರದ ಭಾಗದಲ್ಲಾದರೂ 25 ಮಿ.ಮೀ. ಅಂತರ ಇರುವ ರ‍್ಯಾಕನ್ನೇ ಆರಿಸಿ. ಈಗಾಗಲೇ 50ರದ್ದು ಇದ್ದರೆ ಬೆಂಚ್‌ನ ಎಲ್ಲ ಕಾಲುಗಳ ಕೆಳಗೂ ಸಮವಾಗಿ ಗಟ್ಟಿ ರಬ್ಬರ್ ಹಾಸು ಕೊಟ್ಟು ಬೆಂಚನ್ನೇ 1–2 ಸೆಂ.ಮೀ. ಎತ್ತಬಹುದು.

ಹೊಂದಿಸಿದ್ದು ಸರಿಯೇ ಎಂದು ನೋಡಲು ಖಾಲಿ ಬಾರ್ ಬೇಕು. ಕಮಾನು ಮಾಡಿ ಎದೆಗೆ ಮುಟ್ಟಿಸಿ: ಬಾರ್ ಪಿನ್ ಮುಟ್ಟಬಾರದು. ಬಾರ್ ಎದೆಯ ಮೇಲಿರುವಂತೆಯೇ ಉಸಿರು ಬಿಟ್ಟು, ಕಮಾನು ಇಳಿಸಿ: ಬಾರ್ ಪಿನ್ ಮೇಲೆ ಕೂರಬೇಕು, ಎದೆಗೂ ಬಾರ್‌ಗೂ ನಡುವೆ ಅಂಗೈ ತೂರಬೇಕು. ಬಾರನ್ನು ಪಿನ್ ಮೇಲೆಯೇ ಕುತ್ತಿಗೆಯವರೆಗೆ ಉರುಳಿಸಿ, ಅಲ್ಲೂ ಜಾಗ ಇರಬೇಕು. ಈ ಮೂರರಲ್ಲಿ ಕೊನೆಯದನ್ನು ಹೆಚ್ಚಿನವರು ಮಾಡುವುದಿಲ್ಲ, ಜೀವಕ್ಕೆ ಕುತ್ತು ಬರುವುದು ಅಲ್ಲೇ.

ಮೂರು ರೂಪಗಳಲ್ಲಿ ರ‍್ಯಾಕ್‌ನ ಮುಂದಿನಿಂದ ಹಿಂದಿನ ಕಂಬದವರೆಗೆ ಹಾಯುವ ಕೊಳವೆ ಪಿನ್ ಎಲ್ಲಕ್ಕಿಂತ ಸರಳ, ಕೆಡುವುದೂ ಕಡಿಮೆ. ಬಾರ್‌ನ ಮುಳ್ಳುಹಲ್ಲು (ಕೈ ಜಾರದಂತೆ ಕೊರೆದ ಒರಟು ಗೀರು) ಸವೆಯುತ್ತದೆ, ಸದ್ದು ಜಾಸ್ತಿ, ಅಷ್ಟೇ. ಎರಡು ಕಂಬದ ಅರ್ಧ ರ‍್ಯಾಕಿಗೆ ಸಿಕ್ಕಿಸುವ ಚಾಚುತೋಳಿನ ಬಗ್ಗೆ ಎಚ್ಚರ ಬೇಕು. ಒಂದು ಬದಿಗೆ 50 ಕೆ.ಜಿ., ಕಂಬದಿಂದ 40 ಸೆಂ.ಮೀ. ಆಚೆ ಕೂತರೆ ಸುಮ್ಮನೆ ನಿಂತಾಗಲೇ ಸುಮಾರು 196 ನ್ಯೂಟನ್-ಮೀಟರ್ ತಿರುಚು. 5 ಪಟ್ಟು ಹೊಡೆತಕ್ಕೆ ಅದು 1000ದ ಹತ್ತಿರ. ರ‍್ಯಾಕನ್ನು ನೆಲಕ್ಕೆ ಬೋಲ್ಟ್ ಮಾಡದಿದ್ದರೆ ಇಡೀ ಚೌಕಟ್ಟೇ ಮುಂದಕ್ಕೆ ವಾಲಬಹುದು. ಹಿಂಬದಿಯ ಗೂಟಗಳಿಗೆ ಪ್ಲೇಟ್ ತುಂಬಿಡುವುದು ಅರ್ಧ ಪರಿಹಾರ. ತೋಳು 60 ಸೆಂ.ಮೀ. ಆದರೂ ಇರಲಿ, 40ರದ್ದು ಗಿಡ್ಡ, ಸ್ಕ್ವಾಟ್‌ನಲ್ಲಿ ಒಂದು ಹೆಜ್ಜೆ ಹಿಂದೆ ಸರಿದವರ ಬಾರ್ ತುದಿಯಾಚೆ ಬೀಳುತ್ತದೆ. ತೋಳಿನ ಬೀಗ ಹೇಗೆ ಬೀಳುತ್ತದೆ ನೋಡಿ: ಭಾರ ಬಿದ್ದಷ್ಟೂ ಬೀಗ ಇನ್ನಷ್ಟು ಕಚ್ಚಿಕೊಳ್ಳಬೇಕು. ಬರೀ ಅಯಸ್ಕಾಂತದ ಹಿಡಿತದಲ್ಲಿ ನಿಂತ ಪಿನ್ ಸಾಲದು, ರ‍್ಯಾಕ್ ಅದುರಿದಾಗ ಅದು ಮಿಲಿಮೀಟರ್ ಮಿಲಿಮೀಟರ್ ಆಗಿ ಹೊರಗೆ ತೆವಳುತ್ತದೆ.

ಪಟ್ಟಿ ಇವುಗಳಲ್ಲಿ ಉತ್ತಮ. ಮೆತ್ತಗೆ ಹಿಡಿಯುತ್ತದೆ, ಬಾರ್ ಕೆಡುವುದಿಲ್ಲ, ಸದ್ದಿಲ್ಲ. ಆದರೆ ಅಂಗಡಿಯಲ್ಲಿ ಖಾಲಿ ಪಟ್ಟಿಯ ಎತ್ತರ ನೋಡಿ ತೂತು ಆರಿಸಿದರೆ ಮೋಸ ಹೋಗುತ್ತೀರಿ. ಎತ್ತುವಷ್ಟೇ ಭಾರದ ಬಾರನ್ನು ಅದರ ಮೇಲೆ ಇಟ್ಟು ಎಷ್ಟು ಜಗ್ಗಿತು ಎಂದು ಟೇಪ್‌ನಲ್ಲಿ ಅಳೆಯಿರಿ, ಅಷ್ಟು ಮೇಲಕ್ಕೆ ಏರಿಸಿ. ನೈಲಾನ್‌ಗಿಂತ ಪಾಲಿಯೆಸ್ಟರ್ ಕಡಿಮೆ ಹಿಗ್ಗುತ್ತದೆ, ಬೆಂಚ್‌ನ ಕಿರಿದಾದ ಕಿಂಡಿಗೆ ಅದೇ ಹಿತ. ಪಟ್ಟಿಯ ಒಂದು ತುದಿಯನ್ನು ಒಂದು ತೂತು ಮೇಲೆ ಹಾಕಿದರೆ ನಡುವಿನಲ್ಲಿ ಅರ್ಧ ಮೆಟ್ಟಿಲಿನ ಹೊಂದಾಣಿಕೆ ಸಿಗುತ್ತದೆ. ಹಾಗೆ ಮಾಡುವಾಗ ಕಾಲಿನ ಕಡೆಯ ತುದಿ ತಗ್ಗಾಗಿರಲಿ, ಬಾರ್ ಉರುಳಿದರೆ ಹೊಟ್ಟೆಯ ಕಡೆಗೆ ಉರುಳಲಿ.

ಪಟ್ಟಿಯ ಶತ್ರು ಬಾರ್‌ನ ಮುಳ್ಳುಹಲ್ಲು. ಬಿದ್ದ ಬಾರನ್ನು ಪಟ್ಟಿಯ ಮೇಲೆಯೇ ಉಜ್ಜಿ ಎಳೆದಷ್ಟೂ ಅದು ಅರದಂತೆ ನೂಲು ಕೀಳುತ್ತದೆ. ತಿಂಗಳಿಗೊಮ್ಮೆ ಪಟ್ಟಿಯನ್ನು ಬೆರಳ ಮೇಲೆ ಮಡಚಿ ಬೆಳಕಿಗೆ ಹಿಡಿದು ನೋಡಿ. ಮೇಲೆ ಹತ್ತಿಯಂತೆ ನಯವಾದ ಜೂಲು ಎದ್ದಿದ್ದರೆ ಚಿಂತೆಯಿಲ್ಲ. ಅಂಚಿನ ನೂಲು ತುಂಡಾಗಿದ್ದರೆ, ಹೊಲಿಗೆ ಒಂದು ಸಾಲು ಬಿಚ್ಚಿದ್ದರೆ, ಬಿಸಿಲಿಗೆ ಬಣ್ಣ ಹೋಗಿ ಗಡುಸಾಗಿದ್ದರೆ ಬದಲಿಸಿ. ಕಾರ್ಖಾನೆಗಳಲ್ಲಿ ಭಾರ ಎತ್ತುವ ಅನೇಕ ಪಟ್ಟಿಗಳಲ್ಲಿ ಒಳಪದರಕ್ಕೆ ಕೆಂಪು ನೂಲು ಹಾಕಿರುತ್ತಾರೆ. ಕೆಂಪು ಕಂಡರೆ ಎಸೆಯಬೇಕು ಎಂದರ್ಥ. ವ್ಯಾಯಾಮದ ಪಟ್ಟಿಗೂ ಅದನ್ನು ಹಾಕಲು ಕಷ್ಟವೇನಿಲ್ಲ. ಬ್ಲೂಟೂತ್‌ಗೆ ಪಡುವ ಶ್ರಮದ ಹತ್ತರಲ್ಲಿ ಒಂದು ಪಾಲು ಸಾಕು.

ಬೆಲ್ಟ್, ಕಾಲರ್

ಬೆಲ್ಟನ್ನು ಸುರಕ್ಷಾ ಸಾಧನ ಎಂದು ಮಾರುವುದು ಸರಿಯಲ್ಲ. ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ನಿಯಮದಂತೆ ಗರಿಷ್ಠ 10 ಸೆಂ.ಮೀ. ಅಗಲ, 13 ಮಿ.ಮೀ. ದಪ್ಪ. ಹೊಟ್ಟೆಯ ಸ್ನಾಯುಗಳಿಗೆ ಒತ್ತಿಕೊಳ್ಳಲು ಒಂದು ಗೋಡೆ ಕೊಡುತ್ತದೆ, ಹೊಟ್ಟೆಯೊಳಗಿನ ಒತ್ತಡ ಏರುತ್ತದೆ, ಮುಂಡ ಗಟ್ಟಿಯಾಗುತ್ತದೆ, ಸ್ವಲ್ಪ ಹೆಚ್ಚು ಭಾರ ಏಳುತ್ತದೆ. ಕೆಲಸದ ಜಾಗದಲ್ಲಿ ಸರಕು ಎತ್ತುವವರು ಕಟ್ಟುವ ಬೆನ್ನುಪಟ್ಟಿಗಳ ಬಗ್ಗೆ ಅಮೆರಿಕದ ಔದ್ಯೋಗಿಕ ಸುರಕ್ಷಾ ಸಂಸ್ಥೆ ನಿಯೋಶ್, ಗಾಯವಾಗದವರಿಗೆ ಅವುಗಳನ್ನು ಶಿಫಾರಸು ಮಾಡುವಷ್ಟು ಪುರಾವೆ ಇಲ್ಲವೆಂದು 1994ರಲ್ಲೇ ಹೇಳಿತ್ತು. ಬೆಲ್ಟ್ ಕಟ್ಟಿದ್ದೇನೆ ಎಂಬ ಧೈರ್ಯಕ್ಕೆ 10 ಕೆ.ಜಿ. ಹೆಚ್ಚು ಹಾಕಿಕೊಂಡರೆ ಲೆಕ್ಕ ಸಮ. ಲಿವರ್ ಬೆಲ್ಟ್ ಕೊಂಡರೆ ಲಿವರ್‌ನ ಸ್ಕ್ರೂಗಳನ್ನು ವಾರಕ್ಕೊಮ್ಮೆ ಬಿಗಿ ಮಾಡಿ, ಸೆಟ್‌ನ ಮಧ್ಯೆ ಅದು ಬಾಯಿಬಿಟ್ಟರೆ ಪೂರ್ತಿ ಬಿಗಿ ಒಮ್ಮೆಲೇ ಹೋಗುತ್ತದೆ.

ಪ್ಲೇಟ್ ಜಾರದಂತೆ ಬಾರಿನ ತುದಿಗೆ ಹಾಕುವ ಕಾಲರ್‌ಗಳಲ್ಲಿ ಸ್ಪ್ರಿಂಗ್‌ಗಿಂತ ಲಿವರ್ ಬಿಗಿಯುವ ಬಗೆ ಒಳ್ಳೆಯದು, 50 ಮಿ.ಮೀ. ತುದಿಗೆ ಹಾಕಿ ಕೈಯಿಂದ ಎಳೆದರೆ ಕದಲಬಾರದು. ಹಿಡಿಯುವ ಪಿನ್ನೋ ಪಟ್ಟಿಯೋ ಇದ್ದರೆ ಯಾವಾಗಲೂ ಕಾಲರ್ ಹಾಕಿ. ಅವೂ ಇಲ್ಲದೆ, ಜೊತೆಗೆ ಹಿಡಿಯುವವರೂ ಇಲ್ಲದೆ ಬೆಂಚ್ ಮಾಡಲೇಬೇಕಾದರೆ ಕಾಲರ್ ಬಿಟ್ಟು ಮಾಡುವುದುಂಟು, ಸಿಕ್ಕಿಬಿದ್ದರೆ ಒಂದು ಬದಿಗೆ ವಾಲಿಸಿ ಪ್ಲೇಟ್ ಜಾರಿಸಲು. ಒಂದು ಬದಿ ಖಾಲಿಯಾದ ತಕ್ಷಣ ಇನ್ನೊಂದು ಬದಿ ಧೊಪ್ಪನೆ ಕೆಳಗೆ ಹೋಗಿ ಖಾಲಿ ತುದಿ ಕವಣೆಯಂತೆ ಮೇಲೆ ಚಿಮ್ಮುತ್ತದೆ. ಆಚೀಚೆ 2 ಮೀಟರ್ ಯಾರೂ ಇರಬಾರದು.